ಮುತ್ತಿನ ಬಂದರಿನಲ್ಲಿ ಎಣ್ಣೆಯ ಹನಿ

ಯುದ್ಧದಲ್ಲಿ ಮಡಿದವರ ಸ್ಮಾರಕವನ್ನು ಶ್ರಾವಕನಾದವನು ಯಾವ ಭಾವದಿಂದ ನೋಡಬೇಕು ಎಂಬುದು ಸುಲಭವಾದ ಪ್ರಶ್ನೆಯಲ್ಲ. ವೀರಮರಣವೆಂದು ಕೊಂಡಾಡಿದರೆ ಹಿಂಸೆಯನ್ನು ಅನುಮೋದಿಸಿದಂತಾಗುವುದೇನೋ ಎಂಬ ಸಂಕೋಚ ಒಂದು ಕಡೆ. ಮೃತರ ಮುಂದೆ ತಲೆಬಾಗದೆ ನಿಂತರೆ ಮನುಷ್ಯತ್ವಕ್ಕೇ ಕುಂದೆಂಬ ಅಳುಕು ಇನ್ನೊಂದು ಕಡೆ. ಪಾಪವು ತಾನೇ ಮಾಡುವುದರಿಂದ ಮಾತ್ರವಲ್ಲ, ಮಾಡಿಸುವುದರಿಂದಲೂ, ಮಾಡಿದವರನ್ನು ಮೆಚ್ಚುವುದರಿಂದಲೂ ಬಂದು ಅಂಟುತ್ತದೆಂದು ನಮ್ಮ ಆಚಾರ್ಯರು ಎಚ್ಚರಿಸಿದ್ದಾರೆ. ಕೃತ, ಕಾರಿತ, ಅನುಮೋದನೆ ಎಂಬ ಈ ಮೂರರಲ್ಲಿ ಮೊದಲನೆಯದನ್ನು ವ್ಯಾಪಾರಿಗಳಾದ ನಾವು ಬಹುಮಟ್ಟಿಗೆ ತಪ್ಪಿಸಿಕೊಂಡಿದ್ದೇವೆ. ಉಳಿದೆರಡರ ವಿಷಯದಲ್ಲಿ ಅಷ್ಟು ಧೈರ್ಯದಿಂದ ಹೇಳಲಾಗದು. ಈ ಲೇಖನದ ಉದ್ದೇಶ ಆ ಎರಡನ್ನು ಕುರಿತು ನಾಲ್ಕು ಮಾತು ಹೇಳುವುದೇ ಆಗಿದೆ.

2023ರ ಅಕ್ಟೋಬರ್ ತಿಂಗಳಲ್ಲಿ ಹವಾಯಿ ದ್ವೀಪಸಮೂಹದ ಓಆಹು ದ್ವೀಪದಲ್ಲಿರುವ ಪರ್ಲ್ ಹಾರ್ಬರನ್ನೂ ಅಲ್ಲಿ ಮುಳುಗಿರುವ ಅರಿಜೋನಾ ಎಂಬ ಯುದ್ಧನೌಕೆಯ ಸ್ಮಾರಕವನ್ನೂ ಸಂದರ್ಶಿಸುವ ಅವಕಾಶ ನನಗೆ ಒದಗಿತು. ಮಗಳು ಮತ್ತು ಅಳಿಯಂದಿರು ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಮೊಮ್ಮಗಳ ಶಾಲೆಗೆ ಕೆಲವು ದಿನ ರಜೆ ಇದ್ದುದರಿಂದ ಎಲ್ಲರೂ ಕೂಡಿ ಹೋದೆವು. ಸಮುದ್ರತೀರ, ಜ್ವಾಲಾಮುಖಿ, ಹೂವಿನ ಹಾರಗಳ ನಾಡೆಂದು ಪ್ರಸಿದ್ಧವಾದ ಆ ಊರಿನಲ್ಲಿ ನಾನು ಕೇಳಿಕೊಂಡದ್ದು ಈ ಒಂದು ಸ್ಥಳವನ್ನು ಮಾತ್ರ. ಅದಕ್ಕೊಂದು ಕಾರಣವಿತ್ತು.

ನಮ್ಮದು ಮೂರು ತಲೆಮಾರಿನ ಎಣ್ಣೆಕಾಳಿನ ವ್ಯಾಪಾರ. ಶೇಂಗಾ, ಕುಸುಬೆ, ಸೂರ್ಯಕಾಂತಿ ಇವು ನಮ್ಮ ಅಡತಿ ಅಂಗಡಿಯ ಮಾಲು. ಮಗ ಮಾತ್ರ ಎಂಜಿನಿಯರಿಂಗ್ ಓದಿ, ಲೇಥ್ ಯಂತ್ರಗಳ ಕಾರ್ಖಾನೆಯೊಂದನ್ನು ನಡೆಸುತ್ತಾನೆ. ಪಂಪ್‌ಸೆಟ್ಟಿನ ಮತ್ತು ಟ್ರ್ಯಾಕ್ಟರಿನ ಬಿಡಿಭಾಗಗಳು ಅಲ್ಲಿ ತಯಾರಾಗುತ್ತವೆ. ಆ ಕಾರ್ಖಾನೆಗೆ ಹಾಕಿದ ಬಂಡವಾಳದಲ್ಲಿ ನನ್ನ ಪಾಲೂ ಇದೆ. ಆ ವರ್ಷದ ಆಗಸ್ಟ್‌ನಲ್ಲಿ ಒಂದು ದೊಡ್ಡ ಕಂಪನಿಯಿಂದ ಅವನಿಗೆ ವಿಚಾರಣೆ ಬಂದಿತು: ತೋಪಿನ ಗುಂಡುಗಳಿಗೆ ಬೇಕಾದ ಲೋಹದ ಭಾಗವೊಂದನ್ನು ಮೂರು ವರ್ಷ ನಿರಂತರವಾಗಿ ಪೂರೈಸಬೇಕು. ಹಳೆಯ ಗಿರಾಕಿಗಳಿಂದ ಆರ್ಡರ್ ಕುಗ್ಗಿದ್ದ ಸಮಯ. ಯಂತ್ರಗಳ ಮೇಲೆ ಬ್ಯಾಂಕಿನ ಸಾಲ. ಅರವತ್ತು ಜನ ಕೆಲಸಗಾರರು. ನಾನು ಅಮೆರಿಕಕ್ಕೆ ಹೊರಡುವ ಮುನ್ನ ಅವನು, "ಅಪ್ಪಾಜಿ, ನೀವು ಬೇಡವೆಂದರೆ ಬಿಡುತ್ತೇನೆ. ಆದರೆ ಏಕೆ ಬೇಡವೆಂಬುದನ್ನು ನನಗೆ ಒಪ್ಪುವಂತೆ ಹೇಳಿ. ಗಡಿಯಲ್ಲಿ ನಿಂತ ಸೈನಿಕ ನಮ್ಮ ಅಂಗಡಿಯನ್ನೂ ಕಾಯುತ್ತಾನಲ್ಲ, ಅವನ ತೋಪಿಗೆ ಗುಂಡು ಯಾರು ಮಾಡಬೇಕು?" ಎಂದು ಕೇಳಿದ್ದ. ಉತ್ತರ ಕೊಡದೆಯೇ ವಿಮಾನ ಹತ್ತಿದ್ದೆ. ಯುದ್ಧವೆಂದರೇನೆಂಬುದನ್ನು ಪತ್ರಿಕೆಯಲ್ಲಿ ಓದಿದವನೇ ಹೊರತು ಕಂಡವನಲ್ಲ. ಉತ್ತರ ಹೇಳುವ ಮೊದಲು ಅದರ ಗುರುತನ್ನಾದರೂ ಒಮ್ಮೆ ಕಣ್ಣಾರೆ ನೋಡಬೇಕೆನಿಸಿತ್ತು.

ಆ ಬಂದರಿಗೆ ಹವಾಯಿಯ ಮೂಲನಿವಾಸಿಗಳು ಇಟ್ಟ ಹೆಸರುಗಳಲ್ಲಿ ಒಂದು 'ವಾಯ್ ಮೋಮಿ', ಅಂದರೆ ಮುತ್ತಿನ ನೀರು. ಒಂದು ಕಾಲಕ್ಕೆ ಅಲ್ಲಿ ಮುತ್ತಿನ ಚಿಪ್ಪುಗಳು ದೊರೆಯುತ್ತಿದ್ದವು. ಮುತ್ತಿನ ನೀರು ಯುದ್ಧನೌಕೆಗಳ ನೆಲೆಯಾದ ಕಥೆಯ ಆರಂಭ ವ್ಯಾಪಾರಿಗಳಿಗೆ ಪರಿಚಿತವಾದ ರೀತಿಯಲ್ಲಿದೆ. 1875ರ ಒಪ್ಪಂದದಿಂದ ಹವಾಯಿಯ ಸಕ್ಕರೆ ಸುಂಕವಿಲ್ಲದೆ ಅಮೆರಿಕವನ್ನು ಪ್ರವೇಶಿಸತೊಡಗಿತು. ಆ ರಿಯಾಯಿತಿ 1887ರಲ್ಲಿ ಮುಂದುವರಿಯಬೇಕಾದಾಗ, ಪ್ರತಿಯಾಗಿ ಪರ್ಲ್ ಹಾರ್ಬರನ್ನು ನೌಕಾಪಡೆಗೆ ಬಳಸಿಕೊಳ್ಳುವ ಹಕ್ಕು ಅಮೆರಿಕಕ್ಕೆ ಮಾತ್ರ ದೊರೆಯಿತು. ಸಕ್ಕರೆಯ ಲೆಕ್ಕದಲ್ಲಿ ಬಂದರು ಜಮಾ ಆಯಿತು. ಹನ್ನೊಂದು ವರ್ಷಗಳ ನಂತರ, 1898ರಲ್ಲಿ, ದ್ವೀಪಗಳೇ ಅಮೆರಿಕದ ವಶವಾದವು.

1941ರ ಯುದ್ಧಕ್ಕೂ ಸರಕಿನ ಸಂಬಂಧವೇ ಇದ್ದಿತು. 1937ರಿಂದ ಚೀನಾದಲ್ಲಿ ಯುದ್ಧ ಹೂಡಿದ್ದ ಜಪಾನು ತನಗೆ ಬೇಕಾದ ಎಣ್ಣೆಯ ಐದರಲ್ಲಿ ನಾಲ್ಕು ಪಾಲನ್ನು ಅಮೆರಿಕದಿಂದಲೇ ಕೊಳ್ಳುತ್ತಿತ್ತು. ಅಂದರೆ ಚೀನಾದ ಊರುಗಳ ಮೇಲೆ ಹಾರಿದ ವಿಮಾನಗಳಿಗೆ ಉರುವಲು ಒದಗಿಸಿದವರಲ್ಲಿ ಅಮೆರಿಕದ ಮಾರಾಟಗಾರರೂ ಸೇರಿದ್ದರು. 1941ರ ಜುಲೈನಲ್ಲಿ ಜಪಾನಿನ ಸೈನ್ಯ ದಕ್ಷಿಣ ಇಂಡೋಚೈನಾಕ್ಕೆ ಕಾಲಿಟ್ಟಾಗ ಅಮೆರಿಕ ಜಪಾನಿನ ಆಸ್ತಿಯನ್ನು ತಡೆಹಿಡಿಯಿತು. ಎಣ್ಣೆಯ ಮಾರಾಟ ನಿಂತಿತು. ಚೀನಾದಿಂದ ಹಿಂದೆಗೆಯುವುದೋ, ಎಣ್ಣೆಯಿರುವ ನಾಡುಗಳನ್ನೇ ಹಿಡಿಯುವುದೋ ಎಂಬ ಪ್ರಶ್ನೆ ಜಪಾನಿನ ಆಳುವವರ ಮುಂದೆ ನಿಂತಿತು. ಹಿಡಿದದ್ದನ್ನು ಬಿಡಲಾರದ ಮನಸ್ಸು ಎರಡನೆಯದನ್ನು ಆರಿಸಿತು. ಪರಿಗ್ರಹವು ಹಿಂಸೆಯ ತಾಯಿಯೆಂಬ ಮಾತನ್ನು ನಾವು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಇತಿಹಾಸದಲ್ಲಿ ವಿರಳ.

1941ರ ಡಿಸೆಂಬರ್ 7, ಭಾನುವಾರ. ಆರು ವಿಮಾನವಾಹಕ ಹಡಗುಗಳಿಂದ ಎರಡು ಅಲೆಗಳಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ಜಪಾನಿ ವಿಮಾನಗಳು ಎರಗಿದವು. ಮಾತುಕತೆ ಮುರಿದುದನ್ನು ತಿಳಿಸುವ ಜಪಾನಿನ ಪತ್ರ ವಾಷಿಂಗ್ಟನ್ನಿನಲ್ಲಿ ಕೈಸೇರುವ ಮೊದಲೇ ದಾಳಿ ಆರಂಭವಾಗಿತ್ತು. ಬೆಳಿಗ್ಗೆ ಎಂಟು ಗಂಟೆ ದಾಟಿ ಕೆಲವೇ ನಿಮಿಷಗಳಲ್ಲಿ ಸುಮಾರು 800 ಕಿಲೋಗ್ರಾಂ ತೂಕದ ಬಾಂಬೊಂದು ಅರಿಜೋನಾದ ಮುಂಭಾಗವನ್ನು ಸೀಳಿ ಒಳಹೊಕ್ಕಿತು. ಅಲ್ಲಿದ್ದ ಮದ್ದಿನ ಕೋಠಿ ಸ್ಫೋಟಗೊಂಡಿತು. ಆ ಬಾಂಬು ಮೂಲತಃ ಬಾಂಬಾಗಿ ತಯಾರಾದುದಲ್ಲ. ಹಡಗಿನ ತೋಪಿಗಾಗಿ ಮಾಡಿದ್ದ ದೊಡ್ಡ ಗುಂಡನ್ನು ಮಾರ್ಪಡಿಸಿ, ವಿಮಾನದಿಂದ ಎಸೆಯಲು ತಕ್ಕಂತೆ ಮಾಡಿದ್ದರು. ಇದನ್ನು ಓದಿದಾಗ ನನ್ನ ಮಗನ ಕಾರ್ಖಾನೆಯ ಲೇಥ್‌ಗಳು ನೆನಪಾದವು. ಎಲ್ಲೋ ಒಂದು ಕಡೆ ಯಾರೋ ಒಬ್ಬ ನುರಿತ ಕೆಲಸಗಾರನು ಅಳತೆ ನೋಡಿ ನೋಡಿ ಲೋಹವನ್ನು ಕಡೆದಿರಬೇಕು. ಅಳತೆ ಸರಿಯಾಗಿದೆಯೆಂದು ಮೇಲಿನವನೊಬ್ಬನು ಸಹಿ ಮಾಡಿರಬೇಕು. ಅವರಿಗೆ ಅರಿಜೋನಾದ ಹೆಸರು ತಿಳಿದಿರಲಾರದು.

ಆ ಒಂದು ಹಡಗಿನಲ್ಲೇ 1,177 ಮಂದಿ ಮಡಿದರು. ಅಂದಿನ ದಾಳಿಯಲ್ಲಿ ಸತ್ತ ಅಮೆರಿಕನ್ನರ ಒಟ್ಟು ಸಂಖ್ಯೆ 2,403. ಸುಮಾರು ಅರ್ಧದಷ್ಟು ಈ ಒಂದೇ ಹಡಗಿನವರು. ನೌಕಾದಳಾಧಿಪತಿ ಐಸಾಕ್ ಕಿಡ್ ಮತ್ತು ಹಡಗಿನ ಕಪ್ತಾನ ಫ್ರಾಂಕ್ಲಿನ್ ವ್ಯಾನ್ ವಾಲ್ಕೆನ್‌ಬರ್ಗ್ ಇಬ್ಬರೂ ಅವರಲ್ಲಿ ಸೇರಿದ್ದರು. ವಾದ್ಯವೃಂದದ ಇಪ್ಪತ್ತೊಂದು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅದೇ ಹಡಗಿನಲ್ಲಿ ಒಡಹುಟ್ಟಿದವರು ಒಟ್ಟಿಗೆ ಕೆಲಸ ಮಾಡುತ್ತಿದ್ದ ಉದಾಹರಣೆಗಳು ಮೂವತ್ತೇಳು. ಆ 77 ಮಂದಿ ಸಹೋದರರಲ್ಲಿ 62 ಮಂದಿ ಸತ್ತರು. ಒಬ್ಬ ತಂದೆ ಮತ್ತು ಅವನ ಮಗ ಇಬ್ಬರೂ ಅಲ್ಲಿಯೇ ಕೊನೆಯುಸಿರೆಳೆದರು. ಬೆಂಕಿ ಎರಡು ದಿನಗಳಿಗೂ ಮೀರಿ ಉರಿಯಿತು. ದಾಳಿ ಮಾಡಿದವರ ಕಡೆ 29 ವಿಮಾನಗಳೂ ಐದು ಕಿರುಜಲಾಂತರ್ಗಾಮಿಗಳೂ ನಷ್ಟವಾದವು. ಅವರಲ್ಲಿಯೂ ಅರವತ್ತಕ್ಕೂ ಹೆಚ್ಚು ತರುಣರು ಪ್ರಾಣತೆತ್ತರು.

ಸ್ಮಾರಕದ ಆವರಣದೊಳಕ್ಕೆ ಕೈಚೀಲವನ್ನು ಒಯ್ಯುವಂತಿಲ್ಲ. ಭದ್ರತೆಗಾಗಿ ಮಾಡಿದ ನಿಯಮವದು. ಆದರೂ ಎಲ್ಲವನ್ನೂ ಹೊರಗಿಟ್ಟು ಬರಿಗೈಯಲ್ಲಿ ಒಳಹೋಗುವಾಗ, ಬಸದಿಯ ಬಾಗಿಲಲ್ಲಿ ನಿಂತು 'ನಿಸ್ಸಹಿ' ಎಂದು ಉಚ್ಚರಿಸಿ ಲೌಕಿಕವನ್ನು ಹೊರಗೆ ಬಿಡುವ ನಮ್ಮ ಪದ್ಧತಿ ಮನಸ್ಸಿಗೆ ಬಂದಿತು. ದಾಳಿಯ ಚಿತ್ರವನ್ನು ಮೊದಲು ತೋರಿಸಿದರು. ಬಳಿಕ ನೌಕಾಪಡೆಯ ದೋಣಿಯಲ್ಲಿ ಕರೆದೊಯ್ದರು. ದೋಣಿ ನಡೆಸಿದವರು ಇಪ್ಪತ್ತರ ಆಸುಪಾಸಿನ ನಾವಿಕರು. ಸತ್ತವರಲ್ಲಿ ಬಹುಮಂದಿಯ ವಯಸ್ಸೂ ಅಷ್ಟೇ ಇದ್ದಿತು.

ಸ್ಮಾರಕವು 184 ಅಡಿ ಉದ್ದದ ಬಿಳಿಯ ಕಟ್ಟಡ. ಮುಳುಗಿದ ಹಡಗಿನ ಮೇಲೆ ಅಡ್ಡಲಾಗಿ, ಸೇತುವೆಯಂತೆ ನಿಂತಿದೆ. ಆದರೆ ಹಡಗನ್ನು ಎಲ್ಲಿಯೂ ಸ್ಪರ್ಶಿಸುವುದಿಲ್ಲ. ಎರಡು ತುದಿಗಳು ಎತ್ತರವಾಗಿಯೂ ನಡುಭಾಗ ಬಾಗಿಯೂ ಇವೆ. ಆರಂಭದ ಸೋಲನ್ನೂ ಕೊನೆಯ ಗೆಲುವನ್ನೂ ಇದು ಸೂಚಿಸುತ್ತದೆಂದು ಅದರ ವಾಸ್ತುಶಿಲ್ಪಿ ಆಲ್ಫ್ರೆಡ್ ಪ್ರೈಸ್ ವಿವರಿಸಿದ್ದರು. ಈ ಶಿಲ್ಪಿಯ ವೃತ್ತಾಂತ ಗಮನಾರ್ಹ. ವಿಯೆನ್ನಾದಲ್ಲಿ ಹುಟ್ಟಿದ ಅವರು ನಾಜಿಗಳ ಆಳ್ವಿಕೆಗೆ ಹೆದರಿ ಊರು ಬಿಟ್ಟು 1939ರಲ್ಲಿ ಹವಾಯಿಗೆ ಬಂದರು. ಪರ್ಲ್ ಹಾರ್ಬರಿನ ದಾಳಿಯಾದೊಡನೆ, ಶತ್ರುದೇಶದವರೆಂಬ ಶಂಕೆಯಿಂದ ಅವರನ್ನೂ ಅವರ ಪತ್ನಿಯನ್ನೂ ಅಲ್ಲಿಯೇ ಒಂದು ಶಿಬಿರದಲ್ಲಿ ಕೂಡಿಹಾಕಿದರು. ತನ್ನನ್ನು ಸಂಶಯದಿಂದ ಬಂಧಿಸಿದ ನಾಡಿನ ಮೃತರಿಗೆ, ಕಹಿಯನ್ನು ನುಂಗಿ, ಇಷ್ಟು ಶಾಂತವಾದ ಮನೆಯನ್ನು ಕಟ್ಟಿಕೊಟ್ಟರೆಂಬುದು ಸಣ್ಣ ಮಾತಲ್ಲ. 1962ರ ಮೇ 30ರಂದು ಅದರ ಲೋಕಾರ್ಪಣೆಯಾಯಿತು. ಅಧ್ಯಕ್ಷ ಐಸೆನ್‌ಹೋವರ್ 1958ರಲ್ಲಿ ಅನುಮತಿಯಿತ್ತ ನಂತರ ಹಣ ಬಂದದ್ದು ಸರ್ಕಾರದಿಂದಲೂ ಜನರ ದೇಣಿಗೆಯಿಂದಲೂ; ಗಾಯಕ ಎಲ್ವಿಸ್ ಪ್ರೆಸ್ಲಿ 1961ರ ಮಾರ್ಚ್‌ನಲ್ಲಿ ಹಾಡಿ ಐವತ್ತು ಸಾವಿರ ಡಾಲರಿಗೂ ಹೆಚ್ಚು ಕೂಡಿಸಿಕೊಟ್ಟರು.

ನಡುವಣ ಸಭಾಂಗಣದ ಎರಡು ಗೋಡೆಗಳಲ್ಲಿಯೂ ಮೇಲ್ಛಾವಣಿಯಲ್ಲಿಯೂ ಏಳೇಳು ತೆರಪುಗಳಿವೆ. ಗಾಳಿ, ಬೆಳಕು, ಮಳೆ ಎಲ್ಲಕ್ಕೂ ಪ್ರವೇಶವುಂಟು. ಕೊನೆಯ ಕೋಣೆಯಲ್ಲಿ ಅಮೃತಶಿಲೆಯ ಗೋಡೆ. ಅದರ ಮೇಲೆ ಮಡಿದವರ ಹೆಸರುಗಳು. ನಮ್ಮ ಬಸದಿಯ ಟ್ರಸ್ಟಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ನನ್ನ ಕಣ್ಣು ಮೊದಲು ಹೋದದ್ದು ಅಕ್ಷರಗಳ ಗಾತ್ರದ ಕಡೆಗೆ. ದಳಾಧಿಪತಿಯ ಹೆಸರಿಗೂ ಅಡುಗೆ ಕೆಲಸದವನ ಹೆಸರಿಗೂ ಒಂದೇ ಅಳತೆಯ ಅಕ್ಷರ. ಹೆಸರುಗಳು ಅಕಾರಾದಿಯಲ್ಲಿವೆ, ಪದವಿಯನ್ನು ಪಕ್ಕದಲ್ಲಿ ಚಿಕ್ಕದಾಗಿ ಸೂಚಿಸಿದೆ, ಅಷ್ಟೇ. ದಾನಿಗಳ ಫಲಕದಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ನಮ್ಮ ಸಭೆಗಳಲ್ಲಿ ನಡೆಯುವ ಚರ್ಚೆಗಳನ್ನು ಬಲ್ಲ ಧರ್ಮಬಂಧುಗಳಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಮೊಮ್ಮಗಳು ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದವಳು, "ಅಜ್ಜಾ, ಇಲ್ಲಿ ಒಂದೇ ಹೆಸರನ್ನು ಎರಡು ಸಲ ಬರೆದಿದ್ದಾರೆ" ಎಂದಳು. ಒಂದೇ ಮನೆತನದ ಹೆಸರು ಮೇಲೂ ಕೆಳಗೂ ಇತ್ತು. ಅವರು ಅಣ್ಣತಮ್ಮಂದಿರಿರಬೇಕೆಂದು ತಿಳಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವರ ಅಮ್ಮನಿಗೆ ಯಾರು ಹೇಳಿದರು?" ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಗೋಡೆಯ ಮುಂದೆ ಚಿಕ್ಕದೊಂದು ಕಲ್ಲಿನ ಮೇಲೆ ಬೇರೆ ಹೆಸರುಗಳಿವೆ. ಅಂದು ಬದುಕುಳಿದ ಸುಮಾರು 335 ಮಂದಿಯಲ್ಲಿ ಕೆಲವರು, ತಾವು ಎಂದು ಸತ್ತರೂ ತಮ್ಮ ಚಿತಾಭಸ್ಮವನ್ನು ಆ ಹಡಗಿನಲ್ಲೇ ಇಡಬೇಕೆಂದು ಕೋರಿದರು. 1982ರಿಂದ ಅದಕ್ಕೆ ಅವಕಾಶವಾಯಿತು. ನೌಕಾಪಡೆಯ ಮುಳುಗುಗಾರರು ಅಸ್ಥಿಕುಂಭವನ್ನು ಹಿಡಿದು ನೀರಿಗಿಳಿದು, ನಾಲ್ಕನೆಯ ತೋಪಿನ ಗೋಪುರದ ಬುಡದಲ್ಲಿ ಇರಿಸುತ್ತಿದ್ದರು. ನಲವತ್ತಕ್ಕೂ ಹೆಚ್ಚು ಮಂದಿ ಹೀಗೆ ಹಳೆಯ ಸಂಗಾತಿಗಳನ್ನು ಸೇರಿದರು. ಕೊನೆಯ ಬಾರಿ ಇದು ನಡೆದದ್ದು 2019ರ ಡಿಸೆಂಬರ್ 7ರಂದು. ನಾವು ಹೋದಾಗ ಅರಿಜೋನಾದಿಂದ ಬದುಕುಳಿದವರಲ್ಲಿ ಒಬ್ಬರೇ ಜೀವಂತವಾಗಿದ್ದರು. ಲೂ ಕಾಂಟರ್ ಎಂಬ ಅವರೂ 2024ರ ಏಪ್ರಿಲ್ 1ರಂದು ತಮ್ಮ 102ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮುಳುಗಿದ ಇತರ ಹಡಗುಗಳಲ್ಲಿ ಬಹುತೇಕ ಎಲ್ಲವನ್ನೂ ಮೇಲೆತ್ತಿ ದುರಸ್ತಿ ಮಾಡಿ ಮತ್ತೆ ಯುದ್ಧಕ್ಕೆ ಕಳುಹಿಸಿದರು. ಅರಿಜೋನಾ ಆ ಸ್ಥಿತಿಯಲ್ಲಿರಲಿಲ್ಲ. ಅದರ ಹಿಂಭಾಗದ ತೋಪುಗಳನ್ನು ಬಿಚ್ಚಿ ತೀರರಕ್ಷಣೆಗೆಂದು ಒಯ್ದರು. ಒಳಗಿದ್ದ ಒಂಬೈನೂರಕ್ಕೂ ಹೆಚ್ಚು ದೇಹಗಳನ್ನು ಹಾಗೆಯೇ ಬಿಟ್ಟರು. ಯುದ್ಧದ ದೃಷ್ಟಿಗೆ ಯಾವುದು ಉಪಯುಕ್ತ, ಯಾವುದು ಅಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಕಟ್ಟಡದ ತೆರಪಿನಿಂದ ಕೆಳಗೆ ಬಗ್ಗಿ ನೋಡಿದರೆ ಹಡಗಿನ ಮೈ ಕಾಣುತ್ತದೆ. ತೋಪಿನ ಗೋಪುರವೊಂದರ ತುಕ್ಕು ಹಿಡಿದ ದುಂಡನೆಯ ಬುಡ ನೀರಿನ ಮೇಲೆ ಎದ್ದಿದೆ. ಅದರ ಸುತ್ತ ಪಾಚಿ, ಚಿಪ್ಪು, ಸಣ್ಣ ಬಣ್ಣದ ಮೀನುಗಳು. ಮನುಷ್ಯರ ಶಸ್ತ್ರವು ಜಲಚರ ಜೀವಿಗಳಿಗೆ ಆಶ್ರಯವಾಗಿದೆ. ಅಲ್ಲಿಯೇ ಒಂದು ಕಡೆಯಿಂದ ಎಣ್ಣೆಯ ಹನಿಯೊಂದು ಮೇಲೆದ್ದು, ನೀರಿನ ಮೇಲೆ ಅರಳಿ, ನವಿಲುಗರಿಯ ಬಣ್ಣದ ತೆಳುಪದರವಾಗಿ ಹರಡುತ್ತದೆ. ಸ್ವಲ್ಪ ಹೊತ್ತಿನ ನಂತರ ಇನ್ನೊಂದು. ದಾಳಿಯ ಹಿಂದಿನ ದಿನವಷ್ಟೇ ಆ ಹಡಗಿಗೆ ಎಣ್ಣೆ ತುಂಬಿದ್ದರು. ಸುಮಾರು ಹದಿನೈದು ಲಕ್ಷ ಗ್ಯಾಲನ್. ಬಹುಭಾಗ ಉರಿದುಹೋದರೂ, ಸುಮಾರು ಐದು ಲಕ್ಷ ಗ್ಯಾಲನ್ ಇನ್ನೂ ಒಳಗಿದೆಯೆಂದು ಅಂದಾಜು ಮಾಡಿದ್ದಾರೆ. ಎಂಬತ್ತು ವರ್ಷ ದಾಟಿದರೂ ಅದು ದಿನಕ್ಕೆ ಕೆಲವು ಲೀಟರಿನಷ್ಟು ಸೋರುತ್ತಲೇ ಇದೆ. ಅಲ್ಲಿಯವರು ಇದನ್ನು ಹಡಗಿನ ಕಪ್ಪು ಕಣ್ಣೀರೆಂದು ಕರೆಯುತ್ತಾರೆ.

ನಾನು ಎಣ್ಣೆಯ ವ್ಯಾಪಾರಿ. ಎಣ್ಣೆಯ ವಾಸನೆಯಲ್ಲೇ ಬೆಳೆದವನು. ಆದರೆ ಆ ವಾಸನೆ ಮಾತ್ರ ಮೂಗಿನಿಂದ ಬಹುದಿನ ಹೋಗಲಿಲ್ಲ. ಯಾವ ವಸ್ತುವಿನ ಮಾರಾಟ ನಿಂತದ್ದು ಯುದ್ಧಕ್ಕೆ ಒಂದು ಕಾರಣವಾಯಿತೋ ಅದೇ ವಸ್ತು ಇಂದಿಗೂ ಆ ಗೋರಿಯಿಂದ ಹನಿಹನಿಯಾಗಿ ಹೊರಬರುತ್ತಿದೆ. ಕರ್ಮದ ಆಸ್ರವವೆಂದರೇನೆಂದು ಮಕ್ಕಳಿಗೆ ವಿವರಿಸುವಾಗ, ತೂತು ಬಿದ್ದ ದೋಣಿಯೊಳಕ್ಕೆ ನೀರು ನುಗ್ಗುವ ದೃಷ್ಟಾಂತವನ್ನು ನಾವು ಕೊಡುತ್ತೇವೆ. ಇಲ್ಲಿ ದೋಣಿ ಮುಳುಗಿಯಾಗಿದೆ. ಆದರೂ ಒಳಗೆ ತುಂಬಿಕೊಂಡದ್ದು ಖಾಲಿಯಾಗಿಲ್ಲ.

ವಾಣಿಜ್ಯ ಪದವಿಯ ತರಗತಿಯಲ್ಲಿ ನಾನು ಕಲಿತ ಮೊದಲ ಪಾಠ, ಪ್ರತಿಯೊಂದು ಖರ್ಚಿಗೂ ಎದುರಿಗೊಂದು ಜಮಾ ಇರಬೇಕೆಂಬುದು. ಜನರು ಯುದ್ಧವನ್ನೂ ಈ ಪದ್ಧತಿಯಲ್ಲಿ ಬರೆಯಲು ಹೋಗುತ್ತಾರೆ. ಒಂದು ಕಡೆ ಪರ್ಲ್ ಹಾರ್ಬರ್; ಇನ್ನೊಂದು ಕಡೆ 1945ರ ಆಗಸ್ಟ್ 6ರ ಹಿರೋಶಿಮಾ ಮತ್ತು 9ರ ನಾಗಸಾಕಿ. ಹಿರೋಶಿಮಾ ಒಂದರಲ್ಲೇ ಆ ವರ್ಷ ಮುಗಿಯುವುದರೊಳಗೆ ಸುಮಾರು ಒಂದು ಲಕ್ಷ ನಲವತ್ತು ಸಾವಿರ ಜನ ಸತ್ತರು. ಈ ಎರಡನ್ನೂ ಎದುರುಬದುರು ಬರೆದು ಕೂಡಿದರೆ ಅಢಾವೆ ಪತ್ರಿಕೆ ತಾಳೆಯಾಗುವುದಿಲ್ಲ, ಎಂದೆಂದಿಗೂ ಆಗಲಾರದು. ಏಕೆಂದರೆ ಒಂದು ಸಾವಿನಿಂದ ಇನ್ನೊಂದು ಸಾವು ವಜಾ ಆಗುವುದಿಲ್ಲ. ಎರಡೂ ಖರ್ಚಿನ ಕಡೆಗೇ ಬೀಳುತ್ತವೆ. ಕಮಠನು ಮರುಭೂತಿಯ ಮೇಲಿನ ವೈರವನ್ನು ಜನ್ಮಜನ್ಮಾಂತರಗಳಲ್ಲಿ ಹೊತ್ತು ತಿರುಗಿದರೂ ಅವನ ಲೆಕ್ಕ ಎಂದೂ ಮುಗಿಯಲಿಲ್ಲ. ಅದು ಮುಗಿದದ್ದು ಪಾರ್ಶ್ವನಾಥ ಸ್ವಾಮಿಯು ಪ್ರತಿಯಾಗಿ ಏನನ್ನೂ ಬರೆಯದೆ ಪುಸ್ತಕವನ್ನೇ ಮುಚ್ಚಿದಾಗ.

ಹೀಗೆ ಪುಸ್ತಕ ಮುಚ್ಚಿದವರು ಆ ಬಂದರಿನ ಇತಿಹಾಸದಲ್ಲಿಯೂ ಇದ್ದಾರೆ. ದಾಳಿಯ ದಿನ ವೆಸ್ಟ್ ವರ್ಜೀನಿಯಾ ಎಂಬ ಹಡಗಿನಲ್ಲಿ ಕಹಳೆಗಾರನಾಗಿದ್ದ ರಿಚರ್ಡ್ ಫಿಸ್ಕ್, ಅಂದು ಬಾಂಬು ಹಾಕಲು ಬಂದಿದ್ದ ಜಪಾನಿ ವೈಮಾನಿಕ ಝೆಂಜಿ ಅಬೆ, ಇವರಿಬ್ಬರೂ ಐವತ್ತು ವರ್ಷಗಳ ನಂತರ, 1991ರಲ್ಲಿ, ಭೇಟಿಯಾದರು. ಅಬೆ ಹಣ ಕೊಟ್ಟು, ಪ್ರತಿ ತಿಂಗಳೂ ಸ್ಮಾರಕದಲ್ಲಿ ಎರಡು ಗುಲಾಬಿಗಳನ್ನಿಡುವಂತೆ ಫಿಸ್ಕರನ್ನು ಕೇಳಿಕೊಂಡರು. ಫಿಸ್ಕ್ ಹೂವನ್ನಿಟ್ಟು ಮೃತರಿಗಾಗಿ ಕಹಳೆ ನುಡಿಸುತ್ತಿದ್ದರು.

ಅರಿಜೋನಾದಿಂದ ಸ್ವಲ್ಪ ದೂರದಲ್ಲಿ ಮಿಸೌರಿ ಎಂಬ ಹಡಗು ಸಂಗ್ರಹಾಲಯವಾಗಿ ನಿಂತಿದೆ. 1945ರ ಸೆಪ್ಟೆಂಬರ್ 2ರಂದು ಜಪಾನಿನ ಶರಣಾಗತಿಗೆ ಸಹಿಯಾದದ್ದು ಅದರ ಮೇಲೆಯೇ. ಅದಕ್ಕೆ ಕೆಲವು ತಿಂಗಳ ಹಿಂದೆ, ಏಪ್ರಿಲ್ 11ರಂದು, ಆತ್ಮಾಹುತಿ ದಾಳಿಯ ಜಪಾನಿ ವಿಮಾನವೊಂದು ಆ ಹಡಗಿಗೆ ಬಡಿದು ಅದರ ವೈಮಾನಿಕ ಸತ್ತ. ದೇಹವನ್ನು ಸಮುದ್ರಕ್ಕೆ ಎಸೆದುಬಿಡಬಹುದಾಗಿತ್ತು. ಆದರೆ ಕಪ್ತಾನ ವಿಲಿಯಂ ಕ್ಯಾಲಹನ್ ಅದಕ್ಕೆ ಒಪ್ಪದೆ, ತನ್ನ ನಾವಿಕರಿಗೆ ಸಲ್ಲುವಂತಹ ಮರ್ಯಾದೆಯೇ ಅವನಿಗೂ ಸಲ್ಲಬೇಕೆಂದು ಆಜ್ಞಾಪಿಸಿದ. ನಾವಿಕರು ಬಟ್ಟೆ ಹೊಲಿದು ಜಪಾನಿನ ಧ್ವಜವನ್ನು ಸಿದ್ಧಪಡಿಸಿದರು. ಮರುದಿನ ವಿಧಿಪೂರ್ವಕವಾಗಿ ಸಮುದ್ರಸಂಸ್ಕಾರ ನಡೆಯಿತು. ಯುದ್ಧ ಇನ್ನೂ ನಡೆಯುತ್ತಿರುವಾಗಲೇ ಇದನ್ನು ಮಾಡಿದರೆಂಬುದು ಸ್ಮರಣೀಯ.

ರಾಷ್ಟ್ರಗಳು ವ್ಯಕ್ತಿಗಳಿಗಿಂತ ನಿಧಾನ. ಯುದ್ಧಕಾಲದಲ್ಲಿ ಜಪಾನೀ ವಂಶದವರೆಂಬ ಒಂದೇ ಕಾರಣಕ್ಕಾಗಿ ಸುಮಾರು 1,20,000 ಮಂದಿಯನ್ನು ಅಮೆರಿಕ ತನ್ನ ಮುಖ್ಯಭೂಮಿಯ ಶಿಬಿರಗಳಲ್ಲಿಟ್ಟಿತು. 1988ರಲ್ಲಿ ಕಾನೂನಿನ ಮೂಲಕ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಟ್ಟಿತು. ಅಧ್ಯಕ್ಷ ಒಬಾಮ 2016ರ ಮೇ ತಿಂಗಳಲ್ಲಿ ಹಿರೋಶಿಮಾಕ್ಕೂ, ಜಪಾನಿನ ಪ್ರಧಾನಿ ಶಿಂಜೊ ಅಬೆ ಅದೇ ಡಿಸೆಂಬರಿನಲ್ಲಿ ಅರಿಜೋನಾಕ್ಕೂ ಬಂದು ಮೃತರಿಗೆ ಗೌರವ ಸಲ್ಲಿಸಿದರು. ಇಬ್ಬರೂ ಕ್ಷಮೆ ಎಂಬ ಪದವನ್ನು ಬಳಸಲಿಲ್ಲ. ಅಣುಬಾಂಬಿನ ವಿಕಿರಣದಿಂದ ರೋಗಪೀಡಿತಳಾಗಿ 1955ರಲ್ಲಿ ತೀರಿಕೊಂಡ ಬಾಲಕಿ ಸಡಾಕೊ ಸಸಾಕಿ ಮಡಿಸಿದ ಕಾಗದದ ಕೊಕ್ಕರೆಗಳಲ್ಲಿ ಒಂದನ್ನು ಅವಳ ಕುಟುಂಬದವರು ಪರ್ಲ್ ಹಾರ್ಬರಿನ ಸಂದರ್ಶಕರ ಕೇಂದ್ರಕ್ಕೆ ಕೊಟ್ಟರು; 2013ರಲ್ಲಿ ಅದನ್ನು ಅಲ್ಲಿ ಪ್ರದರ್ಶನಕ್ಕಿಟ್ಟರು. ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ವಸ್ತುವೂ ದೊಡ್ಡವರ ಭಾಷಣಗಳು ಹೇಳದಿದ್ದುದನ್ನು ಹೇಳಬಲ್ಲದು.

ಇಷ್ಟನ್ನು ಕಂಡ ಮೇಲೆ ಮಗನ ಪ್ರಶ್ನೆಗೆ ಉತ್ತರ ಬರೆಯಬೇಕಾಯಿತು. ಫೋನಿನಲ್ಲಿ ಹೇಳುವಂತಹ ವಿಷಯವಲ್ಲವೆಂದು ಕಾಗದವನ್ನೇ ಬರೆದೆ. ಅದರ ಸಾರಾಂಶವಿಷ್ಟು.

ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ ನಮ್ಮ ಹಿರಿಯರು ಗೃಹಸ್ಥನ ಕಷ್ಟವನ್ನು ಅರಿಯದವರಲ್ಲ. ಸಂಕಲ್ಪಪೂರ್ವಕವಾದ ಹಿಂಸೆಯನ್ನು ಅವನು ಪೂರ್ತಿಯಾಗಿ ಬಿಡಬೇಕು. ಉಳಿದ ಮೂರನ್ನು ಅನಿವಾರ್ಯವಾದಷ್ಟಕ್ಕೆ ಸೀಮಿತಗೊಳಿಸಬೇಕು. ಗೊಮ್ಮಟೇಶ್ವರನ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಸೇನಾಪತಿಯಾಗಿದ್ದನು. ಆದ್ದರಿಂದ ಗಡಿ ಕಾಯುವ ಸೈನಿಕನನ್ನು ಕೀಳಾಗಿ ಕಾಣುವ ಅಧಿಕಾರ ನಮಗಿಲ್ಲ. ಅವನ ಕಾವಲಿನಲ್ಲಿ ಮಲಗಿ ಅವನನ್ನು ಪಾಪಿಯೆಂದು ಕರೆಯುವುದು ಅಹಿಂಸೆಯಲ್ಲ, ಕೃತಘ್ನತೆ. ಆದರೆ ರಕ್ಷಣೆ ಬೇರೆ, ಶಸ್ತ್ರದ ವ್ಯಾಪಾರ ಬೇರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಎಣಿಸುವಾಗ ಹಿಂಸಾದಾನವನ್ನು, ಅಂದರೆ ಹಿಂಸೆಯ ಸಾಧನಗಳನ್ನು ಪರರಿಗೆ ಒದಗಿಸುವುದನ್ನು, ಪ್ರತ್ಯೇಕವಾಗಿ ಹೆಸರಿಸಿದ್ದಾರೆ. ರಕ್ಷಣೆಗಾಗಿ ಕತ್ತಿ ಹಿಡಿದವನಿಗೆ ತಾನು ಯಾರ ಎದುರು ನಿಂತಿದ್ದೇನೆಂಬುದು ತಿಳಿದಿರುತ್ತದೆ. ಒರೆಗೆ ಹಾಕುವ ಕಾಲವೂ ತಿಳಿಯುತ್ತದೆ. ಮಾರಿದವನಿಗೆ ಎರಡೂ ತಿಳಿಯುವುದಿಲ್ಲ. ಯುದ್ಧ ನಡೆದಷ್ಟು ದಿನ ಅವನ ಯಂತ್ರ ತಿರುಗುತ್ತದೆ. ನಿಂತರೆ ಅವನಿಗೆ ನಷ್ಟ. ಲೋಕಕ್ಕೆ ಶಾಂತಿಯಾದ ದಿನ ತನ್ನ ಮನೆಯಲ್ಲಿ ಚಿಂತೆಯಾಗುವಂತಹ ವ್ಯಾಪಾರ ಅಪಧ್ಯಾನಕ್ಕೆ ಬಾಗಿಲು ತೆರೆದಂತೆ. ಆದುದರಿಂದ ಒಂದು ವಿಷಯವನ್ನು ಆ ಕಂಪನಿಯವರಿಂದ ಬರೆಸಿಕೊ: ಈ ಮಾಲು ನಮ್ಮ ದೇಶದ ರಕ್ಷಣೆಗೆ ಮಾತ್ರ ಸಲ್ಲುತ್ತದೆಯೇ, ಅಥವಾ ಯಾರು ಹಣ ಕೊಟ್ಟರೆ ಅವರಿಗೆ ಹೋಗುತ್ತದೆಯೇ? ಮೊದಲನೆಯದಾದರೆ ನಾನು ಅಡ್ಡಬರಲಾರೆ. ಆದರೂ ಅದರ ಲಾಭದಲ್ಲಿ ನನ್ನ ಪಾಲು ಬೇಡ. ಎರಡನೆಯದಾದರೆ, ನನ್ನ ಬಂಡವಾಳವನ್ನು ಹಿಂದಕ್ಕೆ ಕೊಟ್ಟು ನಿನ್ನ ವಿವೇಕದಂತೆ ನಡೆದುಕೊ. ಆಗಲೂ ನೀನು ನನ್ನ ಮಗನೇ.

ಮಗ ಕೇಳಿದ. ಉತ್ಪನ್ನವನ್ನು ರಫ್ತಿಗೂ ಬಳಸುವ ಹಕ್ಕು ತಮಗಿರುತ್ತದೆ, ಯಾವ ದೇಶಕ್ಕೆಂದು ತಿಳಿಸುವ ಹೊಣೆ ತಮಗಿಲ್ಲ ಎಂದು ಉತ್ತರ ಬಂದಿತು. ಎರಡು ದಿನ ಅವನು ಯಾರೊಡನೆಯೂ ಮಾತನಾಡಲಿಲ್ಲವಂತೆ. ಮೂರನೆಯ ದಿನ ಆರ್ಡರನ್ನು ಒಪ್ಪಲಾಗದೆಂದು ಪತ್ರ ಕಳುಹಿಸಿದ. ಅದರ ಬೆಲೆಯನ್ನು ಇಲ್ಲಿ ಮುಚ್ಚಿಡಬಾರದು. ಕಾರ್ಖಾನೆಯ ಎರಡನೆಯ ಪಾಳಿ ಏಳು ತಿಂಗಳು ನಿಂತಿತು. ಹನ್ನೊಂದು ಜನ ಕೆಲಸಗಾರರು ಬೇರೆ ಕಡೆ ಹೋದರು; ಅವರಲ್ಲಿ ಇಬ್ಬರು ಸೇರಿದ್ದು ಆ ಆರ್ಡರನ್ನು ಒಪ್ಪಿಕೊಂಡ ಕಾರ್ಖಾನೆಗೇ. ನಾನು ನನ್ನ ಬಂಡವಾಳದ ಬಡ್ಡಿಯನ್ನು ಎರಡು ವರ್ಷ ಬಿಟ್ಟುಕೊಟ್ಟೆ. ಅಕ್ಕಿ ಗಿರಣಿಯ ಯಂತ್ರಗಳಿಗೆ ಬೇಕಾದ ಭಾಗಗಳ ಕೆಲಸ ದೊರೆತ ಮೇಲೆ ಕಾರ್ಖಾನೆ ಚೇತರಿಸಿಕೊಂಡಿದೆ. ಸಾಲ ಇನ್ನೂ ತೀರಿಲ್ಲ.

"ನೀವು ಮಾಡದಿದ್ದರೆ ಇನ್ನೊಬ್ಬರು ಮಾಡುತ್ತಾರೆ, ಗುಂಡು ನಿಂತಿತೇ?" ಎಂದು ನಮ್ಮ ಟ್ರಸ್ಟಿನ ಹಿರಿಯ ಸದಸ್ಯರೊಬ್ಬರು ಕೇಳಿದರು. ನಿಲ್ಲಲಿಲ್ಲ ನಿಜ. ಆದರೆ ಇದೇ ತರ್ಕವನ್ನು ನಾವು ರಾತ್ರಿಭೋಜನಕ್ಕೋ ಮಧುಮಾಂಸಕ್ಕೋ ಅನ್ವಯಿಸುವುದಿಲ್ಲ. ನಾನು ತಿನ್ನದಿದ್ದರೆ ಇನ್ನೊಬ್ಬ ತಿನ್ನುತ್ತಾನೆಂದು ಯಾವ ಶ್ರಾವಕನೂ ಬಾಯಿ ತೆರೆಯುವುದಿಲ್ಲ. ವ್ರತವು ಲೋಕದ ಲೆಕ್ಕವನ್ನು ಸರಿಪಡಿಸಲು ಅಲ್ಲ, ನಮ್ಮ ಹೆಸರಿನ ಖಾತೆಯನ್ನು ಶುದ್ಧವಾಗಿಡಲು. ಆದರೂ ಮಗ ಕೇಳಿದ ಮೂಲ ಪ್ರಶ್ನೆಯ ಒಂದು ಭಾಗ ಉಳಿದೇ ಇದೆಯೆಂಬುದನ್ನು ಒಪ್ಪಬೇಕು. ನಮ್ಮ ಸೈನಿಕನ ತೋಪಿಗೆ ಯಾರಾದರೂ ಗುಂಡು ಮಾಡಲೇಬೇಕು. ಮಾಡುವವನ ಕೈಯನ್ನು ಹೊಲೆಯೆಂದು ತಿಳಿದು, ಅವನು ಮಾಡಿದ್ದರ ರಕ್ಷಣೆಯನ್ನು ಮಾತ್ರ ಪಡೆಯುವುದು ನ್ಯಾಯವೇ? ವಿದ್ವಾಂಸರೂ ತ್ಯಾಗಿಗಳೂ ಈ ಬಗ್ಗೆ ಬರೆದರೆ ನನ್ನಂತಹ ಗೃಹಸ್ಥರಿಗೆ ಉಪಕಾರವಾದೀತು.

ಭರತ ಬಾಹುಬಲಿಯರ ಸೇನೆಗಳು ಎದುರಾದಾಗ ಎರಡೂ ಪಕ್ಷದ ಮಂತ್ರಿಗಳು ಕೂಡಿ, ಅಣ್ಣತಮ್ಮಂದಿರ ಜಗಳಕ್ಕೆ ಸೈನಿಕರು ಸಾಯುವುದೇಕೆಂದು ವಿಚಾರಿಸಿ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಆ ಮಂತ್ರಿಗಳನ್ನು ನಾವು ಅಷ್ಟಾಗಿ ಸ್ಮರಿಸುವುದಿಲ್ಲ. ಆದರೆ ಅಂದು ಮನೆಗೆ ಮರಳಿದ ಸಾವಿರಾರು ಸೈನಿಕರ ತಾಯಂದಿರು ಅವರನ್ನು ಸ್ಮರಿಸಿರಬೇಕು. ನಮ್ಮಂತಹ ಸಾಮಾನ್ಯರಿಗೆ ರಾಜರಾಗುವ ಯೋಗವಿಲ್ಲದಿದ್ದರೂ, ಮನೆಯಲ್ಲಿ, ಅಂಗಡಿಯಲ್ಲಿ, ಸಂಘಸಂಸ್ಥೆಗಳಲ್ಲಿ ಅಂತಹ ಮಂತ್ರಿಗಳಾಗುವ ಅವಕಾಶ ಆಗಾಗ ಒದಗುತ್ತದೆ.

ಕೊನೆಯದಾಗಿ ಒಂದು ವಿನಂತಿ. ಭಾದ್ರಪದದ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ನಾವು ಪರಸ್ಪರ ಕ್ಷಮೆ ಬೇಡುತ್ತೇವೆ. ಬಂಧುಗಳಿಗೆ ಪತ್ರ ಬರೆಯುತ್ತೇವೆ. ಈಚೆಗೆ ಫೋನಿನಲ್ಲಿ ಸಂದೇಶ ಕಳುಹಿಸುತ್ತೇವೆ. ಅದೇ ದಿನ ಪ್ರತಿ ಮನೆಯ ಯಜಮಾನರೂ ಮಕ್ಕಳನ್ನು ಕೂರಿಸಿಕೊಂಡು ವರ್ಷದ ಲೆಕ್ಕವನ್ನು ಒಮ್ಮೆ ತೆರೆದು ನೋಡಿದರೆ ಒಳ್ಳೆಯದು. ನಾವು ಕೊಂಡ ಷೇರು, ಮ್ಯೂಚುವಲ್ ಫಂಡಿನಲ್ಲಿ ತೊಡಗಿಸಿದ ಹಣ, ಪಾಲುದಾರಿಕೆಗೆ ಕೊಟ್ಟ ಬಂಡವಾಳ ಇವು ಎಲ್ಲಿ ಏನು ಕೆಲಸ ಮಾಡುತ್ತಿವೆಯೆಂದು ವಿಚಾರಿಸಬೇಕು. ಬಸದಿಯ ಟ್ರಸ್ಟುಗಳೂ ದೊಡ್ಡ ದಾನವನ್ನು ಸ್ವೀಕರಿಸುವ ಮುನ್ನ ಅದು ಬಂದ ದಾರಿಯನ್ನು ಕೇಳುವ ಪದ್ಧತಿ ಇಟ್ಟುಕೊಂಡರೆ ಯಾರಿಗೂ ಅವಮಾನವಾಗದು. ನಮಗೆ ಕಾಣದಷ್ಟು ದೂರದಲ್ಲಿ, ನಮಗೆ ಹೆಸರು ಗೊತ್ತಿಲ್ಲದ ಜೀವಿಗಳ ಕ್ಷಮೆಯನ್ನೂ ನಾವು ಬೇಡಬೇಕಾಗಿದೆ. ಅವರಿಗೆ ಪತ್ರ ಬರೆಯಲು ವಿಳಾಸವಿಲ್ಲ. ಲೆಕ್ಕವನ್ನು ಶುದ್ಧಪಡಿಸಿಕೊಳ್ಳುವುದೇ ಅವರಿಗೆ ನಾವು ಬರೆಯಬಹುದಾದ ಪತ್ರ.